ಒಳಗೆ ಬಿಟ್ಟ ಬಟ್ಟೆ

ಐವತ್ತು ಅರವತ್ತು ವರ್ಷಗಳ ಹಿಂದೆ ಮನೆಯಲ್ಲಿ ಹೊಲಿದ ಮಕ್ಕಳ ಹತ್ತಿಯ ಫ್ರಾಕು ಎಲ್ಲಾದರೂ ಉಳಿದಿದ್ದರೆ ಅದರ ಒಳಮಗ್ಗುಲನ್ನು ಹೊರಗೆ ತಿರುವಿ ನೋಡಬೇಕು. ಎರಡೂ ಪಕ್ಕಗಳ ಹೊಲಿಗೆಯಾಚೆ ಬೆರಳಗಲದ ಬಟ್ಟೆ ಉಳಿದಿರುತ್ತದೆ. ಕೆಳಅಂಚಿನಲ್ಲಿ ನಾಲ್ಕು ಬೆರಳಿನಷ್ಟು ಬಟ್ಟೆ ಮಡಿಚಿಕೊಂಡಿರುತ್ತದೆ. ಬಿಚ್ಚಿದ ಹಳೆಯ ಹೊಲಿಗೆಯ ಗುರುತು ಒಂದೆರಡು ಕಡೆ ಸೂಜಿತೂತಿನ ಸಾಲಾಗಿ ಕಾಣುತ್ತದೆ. ಈಗಿನ ಸಿದ್ಧ ಉಡುಪನ್ನು ಹೀಗೆಯೇ ತಿರುವಿದರೆ ಅಲ್ಲಿ ಒಳಗೆ ಬಿಟ್ಟ ಬಟ್ಟೆಯೇ ಇಲ್ಲ. ಓವರ್‌ಲಾಕ್ ಯಂತ್ರ ಅಂಚನ್ನು ಕತ್ತರಿಸುತ್ತಲೇ ನೂಲಿನಿಂದ ಕಟ್ಟಿಬಿಟ್ಟಿರುತ್ತದೆ. ದರ್ಜಿಗಳ ಮಾತಿನಲ್ಲಿ 'ಮಾರ್ಜಿನ್' ಎನಿಸಿಕೊಳ್ಳುವ ಆ ಬೆರಳಗಲದ ಬಟ್ಟೆ ನಮ್ಮ ಉಡುಪುಗಳೊಳಕ್ಕೆ ಬಂದದ್ದು ಯಾವಾಗ, ಕಾಣದಾದದ್ದು ಏಕೆ ಎಂಬುದನ್ನು ವಿಚಾರಿಸಿದರೆ ಮನೆಯ ಬೇಸಿಗೆ ಉಡುಪಿನ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ನಮ್ಮ ನಾಡಿನ ಬೇಸಿಗೆಗೆ ಮೊದಲ ಉತ್ತರ ಹೊಲಿಯದ ಬಟ್ಟೆಯಾಗಿತ್ತು. ಸೀರೆ, ಧೋತರ, ಪಂಚೆ, ಶಲ್ಯ ಇವೆಲ್ಲ ಮಗ್ಗದಿಂದ ಇಳಿದಂತೆಯೇ ಮೈಮೇಲೆ ಬಂದವು. ಸೆಖೆ ಹೆಚ್ಚಾದಾಗ ಸಡಿಲಿಸಿದರಾಯಿತು, ಮೈ ದಪ್ಪವಾದರೆ ಸುತ್ತು ಕಡಮೆ ಮಾಡಿದರಾಯಿತು. ಹೊಲಿಗೆಯೇ ಇಲ್ಲದ ಉಡುಪಿಗೆ ಅಳತೆ ತಪ್ಪುವ ಭಯವಿಲ್ಲ. ಹಾಗೆಂದು ಹೊಲಿಗೆ ನಮಗೆ ಹೊರಗಿನಿಂದ ಬಂದ ವಿದ್ಯೆಯೇನಲ್ಲ. ಕುಪ್ಪಸವೆಂಬ ಮಾತು ಕನ್ನಡದಲ್ಲಿ ಹಳೆಯದು. ದರ್ಜಿಗೆ ಚಿಪ್ಪಿಗ, ಸಿಂಪಿಗ ಎಂಬ ಹೆಸರುಗಳಿದ್ದವು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದ. ಸೂಜಿ ಕಾಯಕವೆನಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಕಾಯಕ ಬಹುಮಟ್ಟಿಗೆ ಗಂಡಸರ ಕುಲವೃತ್ತಿಯಾಗಿತ್ತು. ಮನೆಯ ಹೆಂಗಸರ ಸೂಜಿ ಕೌದಿಗೆ, ತೇಪೆಗೆ, ಗುಳೇದಗುಡ್ಡದ ಖಣದಿಂದಾಗುವ ಕುಬಸಕ್ಕೆ ಸಾಕಾಗುತ್ತಿತ್ತು.

ಹೊಲಿದ ಉಡುಪು ಹೆಂಗಸರ ನಿತ್ಯದ ಅಗತ್ಯವಾದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಈ ಬದಲಾವಣೆಯಲ್ಲಿ ಮುಂಬಯಿಗೆ ದೊಡ್ಡ ಪಾಲಿದೆ. ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಟಾಗೋರರು 1864ರಲ್ಲಿ ಮುಂಬಯಿ ಪ್ರಾಂತಕ್ಕೆ ನೌಕರಿಗೆ ಬಂದರು. ಅವರ ಮಡದಿ ಜ್ಞಾನದಾನಂದಿನಿ ದೇವಿಯವರು ಇಲ್ಲಿನ ಪಾರ್ಸಿ ಹೆಂಗಸರ ಸೀರೆಯುಡುವ ಕ್ರಮವನ್ನು ಕಂಡು, ಅದನ್ನು ತಮ್ಮ ಅಭಿರುಚಿಗೆ ತಕ್ಕಂತೆ ಮಾರ್ಪಡಿಸಿ, ರವಿಕೆ, ಶಮೀಜು, ಒಳಲಂಗಗಳೊಡನೆ ಬಂಗಾಳಕ್ಕೆ ಕೊಂಡೊಯ್ದರು. ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರದಲ್ಲಿಯೂ ನ್ಯಾಯಾಧೀಶರಾಗಿದ್ದರು. ಈ ಒಬ್ಬರಿಂದಲೇ ದೇಶದ ಉಡುಪು ಬದಲಾಯಿತೆಂದು ಹೇಳಲಾಗದು. ಶಾಲೆ, ಸಭೆ, ರೈಲುಪ್ರಯಾಣ ಇವುಗಳಿಗಾಗಿ ಹೊರಗೆ ಬಂದ ಮಧ್ಯಮವರ್ಗದ ಹೆಣ್ಣಿಗೆ ಹೊಸ ಉಡುಪು ಬೇಕಾಗಿತ್ತು. ಮುಂದೆ ಗಂಟು ಕಟ್ಟುವ ಕುಬಸದ ಸ್ಥಾನದಲ್ಲಿ ಗುಂಡಿ, ಹುಕ್ಕುಗಳ ರವಿಕೆ ಬಂತು. ಸೀರೆಯ ಕೆಳಗೆ ಒಳಲಂಗ ಸೇರಿತು. ಹೊಲಿಯದ ಉಡುಪಿನ ನಾಡು ಹೀಗೆ ಹೊಲಿದ ಪದರಗಳನ್ನು ತೊಟ್ಟುಕೊಂಡಿತು. ಅದರೊಡನೆ ಬೇಸಿಗೆಯೂ ಒಂದು ಸಮಸ್ಯೆಯಾಯಿತು.

ಅದೇ ಹೊತ್ತಿಗೆ ಯಂತ್ರವೂ ಬಂದಿತು. ಅಮೆರಿಕದಲ್ಲಿ ಎಲಿಯಾಸ್ ಹೋವ್ 1846ರಲ್ಲಿಯೂ ಐಸಾಕ್ ಸಿಂಗರ್ 1851ರಲ್ಲಿಯೂ ಹೊಲಿಗೆಯಂತ್ರಕ್ಕೆ ಪೇಟೆಂಟ್ ಪಡೆದರು. ಕೈಸೂಜಿಗೆ ಕಣ್ಣಿರುವುದು ಹಿಂಬದಿಯಲ್ಲಿ. ಯಂತ್ರದ ಸೂಜಿಗೆ ಕಣ್ಣು ಮೊನೆಯ ಬಳಿಯಲ್ಲಿ. ಮೇಲಿನ ನೂಲು ಬಟ್ಟೆಯ ಮೂಲಕ ಇಳಿದು, ಕೆಳಗಿನ ಬಾಬಿನ್ನಿನ ನೂಲನ್ನು ಕೊಂಡಿ ಹಾಕಿಕೊಂಡು ಮೇಲೇಳುತ್ತದೆ. ಈ ಎರಡು ನೂಲಿನ ಹೊಲಿಗೆ ಗಟ್ಟಿಯಾದದ್ದು. ಹಾಗಿದ್ದರೂ ಬೇಕೆಂದಾಗ ಒಂದು ನೂಲನ್ನು ಅಲ್ಲಲ್ಲಿ ಕತ್ತರಿಸಿ ಎಳೆದರೆ ಬಟ್ಟೆಗೆ ನೋವಾಗದಂತೆ ಬಿಚ್ಚಿಕೊಳ್ಳುತ್ತದೆ. ನಮ್ಮ ವಿಷಯಕ್ಕೆ ಈ ಗುಣ ಮುಖ್ಯವಾದುದು. ಬಿಚ್ಚಲು ಬರುವ ಹೊಲಿಗೆಯನ್ನು ಮಾತ್ರ ತಿದ್ದಲು ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲುಭಾಗದಲ್ಲಿ ಎನ್. ಎಂ. ಪಟೇಲ್ ಎಂಬ ಮುಂಬಯಿಯ ಪಾರ್ಸಿ ವ್ಯವಹಾರಸ್ಥರು ಸಿಂಗರ್ ಕಂಪನಿಯ ವಹಿವಾಟನ್ನು ಭಾರತದಲ್ಲಿ ಬೆಳೆಸಿದರು. ಹೊಲಿಯದ ಬಟ್ಟೆಯನ್ನು ಉಡುವವರಿಗೆ ಹೊಲಿಗೆಯಂತ್ರ ಮಾರುವುದು ಸುಲಭದ ಕೆಲಸವಾಗಿರಲಿಲ್ಲ. ಮೊದಲು ಕೊಂಡವರು ದರ್ಜಿಗಳು. ಕಂತಿನ ಮೇಲೆ ಮಾರುವ ಕ್ರಮದಿಂದ ಯಂತ್ರ ಮೆಲ್ಲಗೆ ಅಂಗಡಿಯ ಕಟ್ಟೆಯಿಂದ ಮನೆಯ ಪಡಸಾಲೆಗೆ ಸರಿಯಿತು. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ಕಾರ್ಖಾನೆ 'ಉಷಾ' ಹೆಸರಿನ ಸ್ವದೇಶಿ ಯಂತ್ರವನ್ನು ತಯಾರಿಸತೊಡಗಿತು. ಸ್ವಾತಂತ್ರ್ಯದ ನಂತರದ ಎರಡು ಮೂರು ದಶಕಗಳಲ್ಲಿ ಕೈಮಷೀನೋ ಕಾಲ್ಮಷೀನೋ ಮದುವೆಯ ಉಡುಗೊರೆಯ ಪಟ್ಟಿಗೆ ಸೇರಿತು.

ಯಂತ್ರಗಳ ಬಗ್ಗೆ ಕಠೋರವಾಗಿ ಬರೆದ ಗಾಂಧೀಜಿ ಈ ಒಂದು ಯಂತ್ರವನ್ನು ಹೊರತುಪಡಿಸಿದರು. 1924ರಲ್ಲಿ ದೆಹಲಿಯಲ್ಲಿ ರಾಮಚಂದ್ರನ್ ಅವರೊಡನೆ ನಡೆದ ಸಂವಾದ 'ಯಂಗ್ ಇಂಡಿಯಾ'ದಲ್ಲಿ ಪ್ರಕಟವಾಯಿತು. ಸಿಂಗರ್ ತನ್ನ ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ಕಂಡು ಪ್ರೀತಿಯಿಂದ ಈ ಯಂತ್ರವನ್ನು ರೂಪಿಸಿದನೆಂಬುದು ಅಲ್ಲಿ ಅವರು ಕೊಟ್ಟ ಕಾರಣ. ಚರಿತ್ರೆಯ ಸಿಂಗರ್ ಹಾಗಿರಲಿಲ್ಲ. ಒಂದಕ್ಕಿಂತ ಹೆಚ್ಚು ಸಂಸಾರಗಳನ್ನು ಹೂಡಿದ್ದ ಆತನ ದಾಂಪತ್ಯ ಆದರ್ಶಕ್ಕೆ ಬಹು ದೂರವಾಗಿತ್ತು. ಆದರೆ ಗಾಂಧೀಜಿಯ ವಾದದ ತಿರುಳು ಆ ಕಥೆಯಲ್ಲಿಲ್ಲ. ಒಬ್ಬ ವ್ಯಕ್ತಿಯ ಶ್ರಮವನ್ನು ಇಳಿಸಿ, ಅವಳನ್ನು ತನ್ನ ಕೆಲಸದ ಒಡತಿಯಾಗಿಯೇ ಉಳಿಸುವ ಯಂತ್ರ ಬೇರೆ. ಸಾವಿರ ಜನರ ಕೆಲಸವನ್ನು ಕಿತ್ತುಕೊಂಡು ಕೆಲವರ ತಿಜೋರಿ ತುಂಬುವ ಯಂತ್ರ ಬೇರೆ ಎಂಬುದು ಆ ತಿರುಳು. ಮುಂದಿನ ಚರಿತ್ರೆಯಲ್ಲಿ ಇದೇ ಹೊಲಿಗೆಯಂತ್ರ ಎರಡೂ ಬಗೆಯ ಯಂತ್ರವಾಯಿತು.

ಮೊದಲ ಬಗೆಗೆ ಪಶ್ಚಿಮ ಭಾರತದ ಸ್ತ್ರೀಸಂಸ್ಥೆಗಳು ಸಾಕ್ಷಿ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಅದು ಪುಣೆಗೆ ಹೋಯಿತು. ಮುಂದೆ ಕೇಡಗಾಂವದ ಮುಕ್ತಿ ಸದನದಲ್ಲಿ ಓದಿನ ಜೊತೆಗೆ ಹೊಲಿಗೆ, ನೇಯ್ಗೆ, ಅಚ್ಚುಕೆಲಸಗಳೂ ಕಲಿಕೆಯ ಭಾಗವಾದವು. 1909ರಲ್ಲಿ ರಮಾಬಾಯಿ ರಾನಡೆಯವರು ಪುಣೆಯಲ್ಲಿ ಕಟ್ಟಿದ ಸೇವಾಸದನವೂ ಇದೇ ದಾರಿಯಲ್ಲಿ ನಡೆಯಿತು. ಗಂಡನಿಲ್ಲದ, ಓದು ಅರ್ಧಕ್ಕೆ ನಿಂತ ಹೆಣ್ಣಿಗೆ ಯಾರ ಹೊಸ್ತಿಲಿಗೂ ಹೋಗದೆ ನಾಲ್ಕು ಕಾಸು ಸಂಪಾದಿಸುವ ದಾರಿಯಾಗಿ ಹೊಲಿಗೆ ಒದಗಿತು. ಗಂಡಸು ದರ್ಜಿಗೆ ಮೈಯಳತೆ ಕೊಡಲು ಸಂಕೋಚಪಟ್ಟು ಹಳೆಯ ರವಿಕೆಯನ್ನೇ ಅಳತೆಗೆಂದು ಕಳುಹಿಸುತ್ತಿದ್ದ ಹೆಂಗಸರಿಗೂ ನೆರೆಮನೆಯ ಹೊಲಿಗೆ ನೆಮ್ಮದಿ ತಂದಿತು.

ಇನ್ನು ಮನೆಯ ಬೇಸಿಗೆಕೆಲಸವನ್ನು ನೋಡೋಣ. ಮಹಾನಗರಗಳಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಲ್ಲಿ ಇದು ಬಹುಮಟ್ಟಿಗೆ ಮಾರ್ಚ್ ತಿಂಗಳಿನಲ್ಲಿ ಮೊದಲಾಗುತ್ತಿತ್ತು. ಮಕ್ಕಳ ಪರೀಕ್ಷೆ ಮುಗಿದು ಊರಿಗೆ ಹೊರಡುವ ಮೊದಲು ಮುಗಿಯಬೇಕಾದ ಕೆಲಸ ಅದು. ಹೊಸ ಬಟ್ಟೆಯನ್ನು ತಂದ ದಿನವೇ ಕತ್ತರಿಸುತ್ತಿರಲಿಲ್ಲ. ಪಾಪ್ಲಿನ್ ಆಗಲಿ, ಕ್ಯಾಂಬ್ರಿಕ್ ಆಗಲಿ, ರವಿಕೆಯ ರುಬಿಯಾ ಆಗಲಿ, ರಾತ್ರಿ ನೀರಿನಲ್ಲಿ ನೆನೆಹಾಕಿ ನೆರಳಲ್ಲಿ ಒಣಗಿಸಿದ ಮೇಲೆಯೇ ಕತ್ತರಿ ಬೀಳುತ್ತಿತ್ತು. ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗುವುದಕ್ಕಿಂತ ಹೊಲಿಯುವ ಮೊದಲೇ ಕುಗ್ಗುವುದು ಲೇಸು.

ಹೊಸ ಬಟ್ಟೆ ಕಡಮೆ. ಹಳೆಯದನ್ನು ತಿದ್ದುವುದೇ ಹೆಚ್ಚು. ಬೆಳೆದ ಹುಡುಗಿಯ ಫ್ರಾಕಿನ ಕೆಳಮಡಿಕೆಯನ್ನು ಬಿಚ್ಚಿ ಉದ್ದ ಮಾಡುವುದು, ಪಕ್ಕದ ಹೊಲಿಗೆಯನ್ನು ಬಿಚ್ಚಿ ಅಗಲ ಮಾಡುವುದು, ಹುಡುಗನ ಮೊಣಕಾಲು ಸವೆದ ಪ್ಯಾಂಟನ್ನು ಚಡ್ಡಿಯಾಗಿಸುವುದು, ತಂದೆಯ ತುಂಬುತೋಳಿನ ಅಂಗಿಯನ್ನು ಅರೆತೋಳಿಗೆ ಇಳಿಸಿ ಆ ತೋಳಿನ ಬಟ್ಟೆಯಲ್ಲಿ ಜೇಬು ಮಾಡುವುದು. ಸವೆದ ಕಾಲರನ್ನು ಬಿಚ್ಚಿ, ತಿರುಗಿಸಿ, ಸವೆಯದ ಮಗ್ಗುಲನ್ನು ಮೇಲೆ ತಂದು ಕೂಡಿಸುವುದು ಕೈಚಳಕದ ಕೆಲಸ. ನಡುಭಾಗ ಜೀರ್ಣವಾದ ಸೀರೆ ಧೋತರಗಳನ್ನು ಕತ್ತರಿಸಿ, ಗಟ್ಟಿಯಾದ ತುದಿಗಳನ್ನು ಒಂದುಗೂಡಿಸುವುದಕ್ಕೆ ಮರಾಠಿಯಲ್ಲಿ 'ದಂಡ್ ಘಾಲಣೆ' ಎಂಬ ಮಾತಿದೆ. ದಂಡ್ ಹಾಕಿದ ಸೀರೆ ಬಡತನದ ಗುರುತು. ಜೊತೆಗೆ ಬಡತನವನ್ನು ಮಡಿಕೆಯಲ್ಲಿ ಮರೆಸಿ ಉಡುವ ಮರ್ಯಾದೆಯ ಗುರುತೂ ಹೌದು. ಅದನ್ನೂ ದಾಟಿದ ಸೀರೆ ಹಸುಗೂಸಿನ ಜಬಲೆಯಾಗುತ್ತಿತ್ತು. ನೂರು ಒಗೆತ ಕಂಡ ಹತ್ತಿಯಷ್ಟು ಮೆದುವಾದ ಹೊಸ ಬಟ್ಟೆ ಇರಲಾರದು. ಕೊನೆಗೆ ಕೌದಿ.

ಬೇಸಿಗೆಯೂ ಎಲ್ಲೆಡೆ ಒಂದೇ ಆಗಿರಲಿಲ್ಲ. ಮುಂಬಯಿ, ಮದರಾಸುಗಳ ಸೆಖೆಯಲ್ಲಿ ಗಾಳಿಯೇ ತೇವವಾಗಿರುವುದರಿಂದ ಬೆವರು ಆರುವುದಿಲ್ಲ. ಅಲ್ಲಿ ತೋಳು ಗಿಡ್ಡವಾಗಬೇಕು, ಕೊರಳು ಅಗಲವಾಗಬೇಕು, ರವಿಕೆಯ ಒಳಪದರವನ್ನು ಬಿಚ್ಚಿ ತೆಗೆಯಬೇಕು. ದೆಹಲಿಯ 'ಲೂ' ಒಣಗಾಳಿ. ಅದರಲ್ಲಿ ಮೈಯನ್ನು ಬಿಸಿಲಿಗೆ ಒಡ್ಡುವುದೇ ತಪ್ಪು. ತೆಳುವಾದ, ಸಡಿಲವಾದ, ತುಂಬುತೋಳಿನ ಮಲ್‌ಮಲ್ ಉಡುಪೇ ತಂಪು. ಉತ್ತರದ ಸಾಂಪ್ರದಾಯಿಕ ಕುರ್ತಾದ ಕತ್ತರಿಕೆಯಲ್ಲಿ ಈ ತಿಳಿವಳಿಕೆ ಅಡಗಿದೆ. ಮೈಗೆ ನೇರವಾದ ತುಂಡು, ಪಕ್ಕಗಳಿಗೆ ಕೆಳಗೆ ಅಗಲವಾಗುವ ಕಳಿ, ಕಂಕುಳಲ್ಲಿ ಚೌಕದ ಸಣ್ಣ ತುಂಡು. ಆ ಚೌಕದಿಂದಾಗಿ ತೋಳೆತ್ತಿದರೂ ಬಟ್ಟೆ ಎಳೆಯುವುದಿಲ್ಲ, ಬೆವರಿನ ಜಾಗದಲ್ಲಿ ಗಾಳಿಯಾಡುತ್ತದೆ, ಹರಿದರೆ ಆ ತುಂಡನ್ನಷ್ಟೇ ಬದಲಿಸಬಹುದು. ಧಾರವಾಡದಿಂದ ಮುಂಬಯಿಗೆ, ಮುಂಬಯಿಯಿಂದ ದೆಹಲಿಗೆ ವರ್ಗವಾಗುತ್ತಿದ್ದ ನೌಕರರ ಸಂಸಾರದಲ್ಲಿ ಊರು ಬದಲಾದಂತೆ ತೋಳಿನ ಉದ್ದವೂ ಬದಲಾಗುತ್ತಿತ್ತು. ಆ ಲೆಕ್ಕ ಇದ್ದದ್ದು ಮನೆಯ ಹೆಂಗಸಿನ ಕೈಯಲ್ಲಿ.

ಎರಡನೆಯ ಮಹಾಯುದ್ಧ ಈ ವಿದ್ಯೆಯನ್ನು ಪರೀಕ್ಷೆಗೊಡ್ಡಿತು. ಗಿರಣಿಗಳ ಬಟ್ಟೆ ಸೈನ್ಯಕ್ಕೆ ಹೋಗಿ ಪೇಟೆಯಲ್ಲಿ ಬೆಲೆ ಏರಿದಾಗ ಸರ್ಕಾರ 1943ರಲ್ಲಿ ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣ ಆಜ್ಞೆಯನ್ನು ಹೊರಡಿಸಿತು. ಬಂಗಾಳದಲ್ಲಿ ಅನ್ನದ ಬರದ ಬೆನ್ನಿಗೆ ಬಟ್ಟೆಯ ಬರವೂ ಬಂದಿತು. ಹೊಸದು ಸಿಗದ ಕಾಲದಲ್ಲಿ ಹಳೆಯದರೊಳಗೆ ಉಳಿಸಿದ್ದ ಬೆರಳಗಲದ ಬಟ್ಟೆಯೇ ಮನೆಯ ಉಳಿತಾಯವಾಯಿತು.

ಅದು ಕಾಣದಾದದ್ದು ಎರಡು ಹಂತಗಳಲ್ಲಿ. 1960ರ ದಶಕದಿಂದ ಟೆರಿಲಿನ್, ಟೆರಿಕಾಟ್‌ಗಳು ಬಂದವು. ಇಸ್ತ್ರಿ ಬೇಡ, ಸವೆಯುವುದಿಲ್ಲ, ಬಣ್ಣ ಹೋಗುವುದಿಲ್ಲ. ಆದರೆ ಹತ್ತಿ ತನ್ನ ತೂಕದ ನೂರರಲ್ಲಿ ಏಳೆಂಟು ಪಾಲಿನಷ್ಟು ತೇವವನ್ನು ಗಾಳಿಯಿಂದ ಹಿಡಿದಿರಿಸಿಕೊಳ್ಳುವಲ್ಲಿ ಪಾಲಿಯೆಸ್ಟರ್ ಅರ್ಧ ಪಾಲನ್ನೂ ಹಿಡಿಯಲಾರದು. ಬೆವರನ್ನು ಹೀರದ ಬಟ್ಟೆಯನ್ನು ಎಷ್ಟು ಸಡಿಲಿಸಿ ಹೊಲಿದರೂ ಬೇಸಿಗೆಯ ಉಡುಪಾಗದು. ಎರಡನೆಯದು ಸಿದ್ಧ ಉಡುಪು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದರು. ಮೊದಲೇ ಕುಂಟುತ್ತಿದ್ದ ಅನೇಕ ಗಿರಣಿಗಳು ಆ ಬಳಿಕ ಚೇತರಿಸಿಕೊಳ್ಳಲಿಲ್ಲ. ಥಾನು ನೇಯುತ್ತಿದ್ದ ನಗರ ಕ್ರಮೇಣ ಸಿದ್ಧ ಉಡುಪನ್ನು ಕೊಳ್ಳುವ ನಗರವಾಯಿತು. ಇತ್ತ ಬೆಂಗಳೂರಿನಲ್ಲಿ ಉಡುಪು ಕಾರ್ಖಾನೆಗಳು ಬೆಳೆದವು. ಅಲ್ಲಿ ಸಾಲು ಯಂತ್ರಗಳ ಮುಂದೆ ಕುಳಿತವರಲ್ಲಿ ಹೆಚ್ಚಿನವರು ಹೆಂಗಸರೇ. ಒಬ್ಬಳು ದಿನವಿಡೀ ತೋಳನ್ನೇ ಕೂಡಿಸುತ್ತಾಳೆ, ಇನ್ನೊಬ್ಬಳು ಕಾಲರನ್ನೇ. ಲಕ್ಷಗಟ್ಟಲೆ ಅಂಗಿಗಳ ಲೆಕ್ಕದಲ್ಲಿ ಪ್ರತಿ ಹೊಲಿಗೆಯ ಬೆರಳಗಲದ ಬಟ್ಟೆ ದೊಡ್ಡ ನಷ್ಟವೆನಿಸಿತು; ಓವರ್‌ಲಾಕ್ ಅದನ್ನು ಕತ್ತರಿಸಿ ಕೆಡವಿತು. ಗಾಂಧೀಜಿ ಹೊರತುಪಡಿಸಿದ ಯಂತ್ರ ಹೀಗೆ ಅವರು ಅಂಜಿದ ಯಂತ್ರದ ಸಾಲಿಗೂ ಸೇರಿತು.

ಇದರಿಂದ ಹಳೆಯ ದಿನಗಳೇ ಚೆಂದವಾಗಿದ್ದವೆಂಬ ತೀರ್ಮಾನಕ್ಕೆ ನಾವು ಬರಬೇಕಿಲ್ಲ. ಮನೆಯ ಹೊಲಿಗೆಗೆ ಕೂಲಿ ಇರಲಿಲ್ಲ, ರಜೆ ಇರಲಿಲ್ಲ. ಅಡುಗೆ ಮುಗಿದ ಮಧ್ಯಾಹ್ನ, ಉಳಿದವರು ಮಲಗಿದ ಹೊತ್ತಿನಲ್ಲಿ, ಸೆಖೆಯಲ್ಲಿಯೇ ಕುಳಿತು ಇತರರ ಸೆಖೆಗೆ ಪರಿಹಾರ ಹೊಲಿಯಬೇಕಾಗಿತ್ತು. ಬೀಸಣಿಗೆಯ ಗಾಳಿಗೆ ಬಟ್ಟೆಯೂ ನೂಲೂ ಹಾರುತ್ತವೆಂದು ಫ್ಯಾನು ನಿಲ್ಲಿಸಿ ದುಡಿದವರೂ ಉಂಟು. ಯಂತ್ರ ಬಂದು ಕೆಲಸ ಹಗುರಾಯಿತೆಂಬುದು ನಿಜ. ಯಂತ್ರವಿದೆಯೆಂಬ ಕಾರಣಕ್ಕೆ ಕೆಲಸ ಹೆಚ್ಚಿತೆಂಬುದೂ ಅಷ್ಟೇ ನಿಜ. ಓದಿಗೋ ನೌಕರಿಗೋ ಹೊರಟ ಹೆಣ್ಣುಮಕ್ಕಳು ಸಿದ್ಧ ಉಡುಪನ್ನು ಸಂತೋಷದಿಂದಲೇ ಬರಮಾಡಿಕೊಂಡರೆ ಅದರಲ್ಲಿ ಆಕ್ಷೇಪಿಸುವಂಥದೇನೂ ಇಲ್ಲ.

ಆದರೆ ಆ ದುಡಿಮೆಯೊಡನೆ ಒಂದು ವಿವೇಕವೂ ಹೋಯಿತು. ಮನೆಯವರೆಲ್ಲರ ಮೈಯಳತೆ, ಅದು ವರ್ಷದಿಂದ ವರ್ಷಕ್ಕೆ ಬದಲಾದ ಬಗೆ, ಯಾರಿಗೆ ಯಾವ ಬಟ್ಟೆ ಒಗ್ಗದು ಎಂಬ ನೆನಪು ಹೊಲಿಯುವವಳಲ್ಲಿತ್ತು. ಒಳಗೆ ಬಿಟ್ಟ ಬಟ್ಟೆ ಎಂದರೆ ಮಗು ಬೆಳೆಯುತ್ತದೆ, ಮೈ ಬದಲಾಗುತ್ತದೆ, ಮುಂದಿನ ಬೇಸಿಗೆಗೂ ಈ ಉಡುಪು ಇರುತ್ತದೆ ಎಂಬ ಎಣಿಕೆ. ಈಗಿನ ಉಡುಪು ಮೈ ಬದಲಾದರೆ ಬಿಸಾಡಬೇಕಾದದ್ದು. ಉಡುವವರು ತಿದ್ದಿಕೊಳ್ಳುವ ಅಧಿಕಾರವನ್ನು ಅದು ಹೊಲಿಗೆಯಲ್ಲಿಯೇ ಕತ್ತರಿಸಿಹಾಕಿದೆ.

ಹೊರನಾಡಿನ ಕನ್ನಡಿಗರಾದ ನಾವು ನಮ್ಮ ಸಂಘಗಳ, ನಾಟಕಗಳ, ಪತ್ರಿಕೆಗಳ ಚರಿತ್ರೆಯನ್ನು ಬರೆದಿದ್ದೇವೆ, ಇನ್ನೂ ಬರೆಯುತ್ತಿದ್ದೇವೆ. ಹೊಲಿಗೆಯ ಸಂಪಾದನೆಯಿಂದ ಶಾಲೆಯ ಫೀಸು ಕಟ್ಟಿದವರ, ಒಂದೇ ಕೋಣೆಯ ಬಿಡಾರದಲ್ಲಿ ಮಷೀನಿನ ಮುಚ್ಚಳವನ್ನೇ ಮಕ್ಕಳ ಓದುವ ಮೇಜಾಗಿಸಿದವರ ಚರಿತ್ರೆಗೆ ಕಾಗದಪತ್ರಗಳಿಲ್ಲ. ಇರುವುದು ಅವರ ಮಾತು ಮತ್ತು ಅವರು ಹೊಲಿದ ಬಟ್ಟೆ. ಅವರಲ್ಲಿ ಅನೇಕರು ಈಗ ಎಂಬತ್ತರ ಆಚೆಗಿದ್ದಾರೆ. ಯಂತ್ರವನ್ನು ಗುಜರಿಗೆ ಕೊಡುವ ಮೊದಲು ಅದನ್ನು ಯಾವ ಊರಿನಲ್ಲಿ, ಎಷ್ಟು ಕಂತಿಗೆ ಕೊಂಡರು, ಮೊದಲು ಹೊಲಿದದ್ದು ಏನನ್ನು, ಕೂಲಿಗೆ ಹೊಲಿದದ್ದು ಯಾರಿಗೆ ಎಂದು ಅವರನ್ನು ಕೇಳಿ ಬರೆದಿಡುವುದು ಈ ಬೇಸಿಗೆಯ ರಜೆಯಲ್ಲಿ ಆಗಬಹುದಾದ ಕೆಲಸ.