ಹುಲಿಯೂರುದುರ್ಗದ ಬಿಲ್ಲಿನ ಕಟ್ಟು

ಔಷಧದ ಸಗಟು ವ್ಯಾಪಾರದಲ್ಲಿ ಒಬ್ಬ ಆಳು ಒಂದು ಗಂಟೆಗೆ ಎಷ್ಟು ಕೆಲಸ ಮಾಡುತ್ತಾನೆ, ಅದು ವರ್ಷದಿಂದ ವರ್ಷಕ್ಕೆ ಹೆಚ್ಚಿತೇ ಎಂದು ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಲೆಕ್ಕವಿಡುತ್ತದೆ. ಮಾರಾಟದ ಮೊತ್ತದಿಂದ ಬೆಲೆ ಏರಿಕೆಯನ್ನು ತೆಗೆದು, ಉಳಿದದ್ದನ್ನು ದುಡಿದ ಗಂಟೆಗಳಿಂದ ಭಾಗಿಸುವುದು ಅದರ ಕ್ರಮ. ತುಮಕೂರಿನಿಂದ ಕುಣಿಗಲ್ ದಾಟಿ ಹುಲಿಯೂರುದುರ್ಗದ ಮೆಡಿಕಲ್ ಸ್ಟೋರಿಗೆ ಬರುವ ಮಾಲಿಗೂ ಇದೇ ಲೆಕ್ಕ ಹಾಕಬೇಕೆಂದು ದಾಖಲೆ ಹುಡುಕತೊಡಗಿದೆ.

ಮೊದಲು ತೆರೆದದ್ದು 2013ರ ಆರನೇ ಆರ್ಥಿಕ ಗಣತಿ. ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ ಔಷಧ ಸಗಟಿಗೆ 46497 ಎಂಬ ಸಂಖ್ಯೆಯಿದೆ. ಗಣತಿಯಲ್ಲಿ ದಾಖಲಾದದ್ದು ಮೊದಲ ಮೂರಂಕಿ ಮಾತ್ರ. 464 ಎಂದರೆ ಗೃಹಬಳಕೆಯ ವಸ್ತುಗಳ ಸಗಟು. ಬಟ್ಟೆ, ಚಪ್ಪಲಿ, ಮಾತ್ರೆ ಎಲ್ಲವೂ ಅದರೊಳಗೇ. ದುಡಿಯುವವರ ತಲೆ ಎಣಿಸಿದ್ದಾರೆ, ಗಂಟೆ ಎಣಿಸಿಲ್ಲ.

ಹಾಗಾದರೆ ಬಿಲ್ಲುಗಳೇ ಗತಿ. 1945ರ ಔಷಧ ನಿಯಮಗಳ ಪ್ರಕಾರ ಸಗಟು ವ್ಯಾಪಾರಿ ಬಿಲ್ಲಿನ ಪ್ರತಿಯನ್ನು ಮೂರು ವರ್ಷ ಇಟ್ಟಿರಬೇಕು. ಅವಧಿ ಮುಗಿದ ಮೇಲೆ ರದ್ದಿಗೆ ಹೋದರೆ ಕೇಳುವವರಿಲ್ಲ. ಹಳೆಯ ಕಟ್ಟುಗಳು ನನಗೆ ಸಿಕ್ಕಿದ್ದು ಕೊಳ್ಳುವವರ ಕಡೆ, ಹುಲಿಯೂರುದುರ್ಗದ ಒಂದು ಅಂಗಡಿಯ ಅಟ್ಟದ ಮೇಲೆ, ತಂತಿಗೆ ಪೋಣಿಸಿದ ಸ್ಥಿತಿಯಲ್ಲಿ.

ಒಂದು ಬಿಲ್ಲನ್ನು ಸಾವಧಾನವಾಗಿ ಓದಬೇಕು. ಬ್ಯಾಚ್ ನಂಬರ್, ಎಕ್ಸ್‌ಪೈರಿ ತಿಂಗಳು, ಎಂಆರ್‌ಪಿ, ಅಂಗಡಿಗೆ ಬಿದ್ದ ದರ; ಪಕ್ಕದಲ್ಲಿ ‘10+1’ ಎಂಬ ಸ್ಕೀಮು. ಹತ್ತು ಸ್ಟ್ರಿಪ್ಪಿಗೆ ದುಡ್ಡು, ಒಂದು ಉಚಿತ. ರೂಪಾಯಿ ಲೆಕ್ಕಕ್ಕೆ ಹತ್ತು ಬಂದರೆ, ಗೋದಾಮಿನ ಹುಡುಗ ಕಪಾಟಿನಿಂದ ಇಳಿಸಿದ್ದು ಹನ್ನೊಂದು.

ರೂಪಾಯಿಯನ್ನು ನಂಬಬಾರದೆಂದು ಆಗಲೇ ಅನ್ನಿಸಿತ್ತು. ಏಪ್ರಿಲ್ ತಿಂಗಳ ಬಿಲ್ಲುಗಳು ಅದನ್ನು ಗಟ್ಟಿ ಮಾಡಿದವು. 2013ರ ಬೆಲೆ ನಿಯಂತ್ರಣ ಆದೇಶದಂತೆ ಅಗತ್ಯ ಔಷಧಗಳ ಗರಿಷ್ಠ ಬೆಲೆ ವರ್ಷಕ್ಕೊಮ್ಮೆ ಸಗಟು ಬೆಲೆ ಸೂಚ್ಯಂಕದ ಜೊತೆ ಬದಲಾಗುತ್ತದೆ. 2023ರಲ್ಲಿ ಶೇ 12.12ರವರೆಗೆ ಏರಿಸಲು ಅವಕಾಶ ಸಿಕ್ಕಿತು; 2024ರಲ್ಲಿ ಸಿಕ್ಕಿದ್ದು ಶೇ 0.00551. ಸರಕು ಅಷ್ಟೇ, ಹೊರುವ ಕೈಗಳೂ ಅವೇ ಆಗಿದ್ದರೂ ಮೊದಲ ವರ್ಷ ವಹಿವಾಟು ಜಿಗಿದಂತೆ, ಮರುವರ್ಷ ನಿಂತಂತೆ ಕಾಣುತ್ತದೆ. ಬೆಲೆ ಇಳಿದಾಗಲಂತೂ ಅನ್ಯಾಯ ಎದ್ದು ಕಾಣುತ್ತದೆ. ನಿಯಂತ್ರಿತ ಔಷಧಕ್ಕೆ ಸಗಟುದಾರನ ರೂಢಿಯ ಪಾಲು ಶೇ 8. ಸಾವಿರ ರೂಪಾಯಿಯ ಬಾಕ್ಸು ಏಳುನೂರಕ್ಕೆ ಇಳಿದರೆ ಅವನ ಎಂಬತ್ತು ರೂಪಾಯಿ ಐವತ್ತಾರಾಗುತ್ತದೆ. ಬಾಕ್ಸಿನ ಭಾರ ಒಂದು ಗ್ರಾಮೂ ಕಡಿಮೆಯಾಗುವುದಿಲ್ಲ.

ಆದ್ದರಿಂದ ನಾನು ಬಿಲ್ಲಿನ ಸಾಲುಗಳನ್ನು ಎಣಿಸತೊಡಗಿದೆ. ಒಂದು ಸಾಲೆಂದರೆ ಒಂದು ಔಷಧವನ್ನು ಹುಡುಕಿ, ಬ್ಯಾಚ್ ತಾಳೆ ನೋಡಿ, ಪೆಟ್ಟಿಗೆಗೆ ಹಾಕಿದ ಕೆಲಸ. ನಗರದ ದೊಡ್ಡ ಅಂಗಡಿ ಒಂದು ಸಾಲಿನಲ್ಲಿ ನೂರು ಸ್ಟ್ರಿಪ್ ತರಿಸೀತು. ಹೋಬಳಿಯ ಅಂಗಡಿಗೆ ಎರಡೋ ಮೂರೋ ಸಾಕು. ರೂಪಾಯಿಯಲ್ಲಿ ಅಳೆದರೆ ಹುಲಿಯೂರುದುರ್ಗಕ್ಕೆ ಮಾಲು ಕಳಿಸುವವನು ಸೋಮಾರಿ ಎನಿಸುತ್ತಾನೆ, ಸಾಲಿನಲ್ಲಿ ಅಳೆದರೆ ಹಾಗೆ ಅನ್ನಿಸದು.

ಗಂಟೆಗಳ ಹುಡುಕಾಟ ಇನ್ನೂ ಕಷ್ಟದ್ದು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಹಾಜರಿ ಪುಸ್ತಕದಲ್ಲಿ ಸಂಬಳದವರ ಹೆಸರಿರುತ್ತದೆ. ರಾತ್ರಿ ಬಿಲ್ ಟೈಪ್ ಮಾಡುವ ಮಾಲೀಕರ ತಮ್ಮನ ಹೆಸರು ಅದರಲ್ಲಿ ಇರುವುದಿಲ್ಲ. ಹಿಂದೆ ಆರ್ಡರ್ ಪುಸ್ತಕ ಹಿಡಿದು ಬರುತ್ತಿದ್ದ ಸೇಲ್ಸ್‌ಮನ್‌ನ ಸುತ್ತಾಟ ಈಗ ಕಡಿಮೆ. ಅಂಗಡಿಯವರೇ ಶಟರ್ ಎಳೆದ ಮೇಲೆ, ಮುಗಿದ ಮಾಲನ್ನು ಬರೆದಿಟ್ಟ ಶಾರ್ಟ್‌ಬುಕ್ ನೋಡಿಕೊಂಡು ವಾಟ್ಸಾಪಿನಲ್ಲಿ ಪಟ್ಟಿ ಕಳಿಸುತ್ತಾರೆ. ಸಗಟುದಾರನ ಗಂಟೆ ಇಳಿದು ಅವನ ಉತ್ಪಾದಕತೆ ಏರಿದಂತೆ ಕಾಣುತ್ತದೆ. ಆ ಗಂಟೆ ಹೋಗಿ ಕೂತದ್ದು ಹಳ್ಳಿಯ ಅಂಗಡಿಯವರ ರಾತ್ರಿಯಲ್ಲಿ. ಇದನ್ನು ದಕ್ಷತೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಎರಡೂ ಕಡೆಯ ಗಂಟೆಗಳನ್ನು ಕೂಡಿಸಿದ ಮೇಲೆ ಉಳಿತಾಯವಾದರೆ ಮಾತ್ರ ಒಪ್ಪುತ್ತೇನೆ.

ಅವಧಿ ಮೀರಿ ವಾಪಸಾಗುವ ಮಾಲಿನ ಕ್ರೆಡಿಟ್ ನೋಟುಗಳ ಸಾಲುಗಳನ್ನೂ ಕೆಲಸವೆಂದೇ ಎಣಿಸುತ್ತಿದ್ದೇನೆ. ಮಾರಾಟದ ಮೊತ್ತದಲ್ಲಿ ಅವು ಕಳೆಯುವ ಲೆಕ್ಕ, ದುಡಿಮೆಯಲ್ಲಿ ಕೂಡುವ ಲೆಕ್ಕ. ಇನ್ಸುಲಿನ್ ಸಾಲಿಗೆ ಬೇರೆ ತೂಕವೇ ಬೇಕು: 2ರಿಂದ 8 ಡಿಗ್ರಿ ತಂಪಿನಲ್ಲಿ, ಥರ್ಮೋಕೋಲ್ ಡಬ್ಬಿಯಲ್ಲಿ ಐಸ್‌ಪ್ಯಾಕ್ ಜೊತೆ ಕಟ್ಟಿ ಕಳಿಸುವ ಒಂದು ವಯಲ್ಲಿಗೆ ಹತ್ತಾರು ಸ್ಟ್ರಿಪ್ಪಿನಷ್ಟು ಸಮಯ ಹಿಡಿಯುತ್ತದೆ. ಆ ತೂಕ ಎಷ್ಟೆಂಬುದನ್ನು ಪ್ಯಾಕ್ ಮಾಡುವವರ ಪಕ್ಕ ನಿಂತು ಗಡಿಯಾರ ಹಿಡಿದೇ ಗೊತ್ತುಮಾಡಬೇಕು.