ಸ್ತರಭಂಗ

ಭೂಗೋಳದ ಪಾಠದಲ್ಲಿ ಒಂದು ಗೆರೆಚಿತ್ರದ ಕೆಳಗೆ ಬಂದು, ಪರೀಕ್ಷೆ ಮುಗಿದೊಡನೆ ಮರೆತುಹೋಗುವ ಪದ ‘ಸ್ತರಭಂಗ’. ಬಂಡೆಯ ಪದರಗಳು ಮುರಿದು ಸರಿದ ಜಾಗಕ್ಕೆ ಅದು ಹೆಸರು. ಬಿಡಿಸಿದರೆ ಅದರೊಳಗೆ ಎರಡು ಹಳೆಯ ಸಂಸ್ಕೃತ ಧಾತುಗಳಿವೆ. ‘ಸ್ತೃ’ ಎಂದರೆ ಹಾಸು, ಹರಡು. ವಿಸ್ತಾರ, ಪ್ರಸ್ತರ ಹುಟ್ಟಿದ್ದು ಅದರಿಂದ. ಲ್ಯಾಟಿನ್ನಿನ ‘ಸ್ಟ್ರೇಟಮ್’ ಕೂಡ ಅದೇ ಬೇರಿನದು. ‘ಭಂಜ್’ ಎಂದರೆ ಮುರಿ. ಭಗ್ನವೂ ಕ್ಷಣಭಂಗುರವೂ ಅಲ್ಲಿಂದಲೇ ಬಂದವು. ಕನ್ನಡಕ್ಕೆ ಬಂದ ‘ಭಂಗ’ ಕಲ್ಲಿಗಿಂತ ಮನುಷ್ಯರಿಗೇ ಹೆಚ್ಚು ಅಂಟಿಕೊಂಡಿತು: ವ್ರತಭಂಗ, ತಪೋಭಂಗ, ಮಾನಭಂಗ. ಕರಾವಳಿಯಲ್ಲಂತೂ ‘ಬಂಗ’ ಎಂದರೆ ಬದುಕಿನ ಕಷ್ಟವೇ. ಮುರಿದದ್ದೆಲ್ಲ ಕೆಟ್ಟದ್ದು ಎಂಬ ಭಾವ ಪದದೊಳಗೇ ಕೂತಿದೆ.

ಸ್ತರಭಂಗಕ್ಕೆ ಇಂಗ್ಲಿಷಿನಲ್ಲಿರುವ ‘ಫಾಲ್ಟ್’ ಕೂಡ ಹಾಗೇ. ಅದು ಫ್ರೆಂಚ್ ಮೂಲಕ ಬಂದದ್ದು. ಹಿಂದಿರುವುದು ವಂಚಿಸು, ಕೈಕೊಡು ಎಂಬರ್ಥದ ಲ್ಯಾಟಿನ್ ಕ್ರಿಯಾಪದ. ನೆಲಕ್ಕೆ ಈ ಹೆಸರಿಟ್ಟವರು ಕಲ್ಲಿದ್ದಲ ಗಣಿಯ ಕೆಲಸಗಾರರು. ಪದರದ ಬೆನ್ನುಹತ್ತಿ ಅಗೆಯುತ್ತ ಹೋದವರ ಮುಂದೆ ಇದ್ದಕ್ಕಿದ್ದಂತೆ ಬರೀ ಬಂಡೆ. ಕಲ್ಲಿದ್ದಲು ಮೇಲಕ್ಕೋ ಕೆಳಕ್ಕೋ ಸರಿದುಹೋಗಿರುತ್ತಿತ್ತು. ಕೂಲಿ ಕಳೆದುಕೊಳ್ಳುವವರ ಬಾಯಲ್ಲಿ ಅದು ‘ಕೈಕೊಟ್ಟ’ ಜಾಗವಾದದ್ದು ಸಹಜ. ಓರೆಯಾದ ಸ್ತರಭಂಗದಲ್ಲಿ ಅವರ ತಲೆಯ ಮೇಲೆ ಬರುತ್ತಿದ್ದ ಬಂಡೆ ‘ಹ್ಯಾಂಗಿಂಗ್ ವಾಲ್’, ಕಾಲಡಿಯದು ‘ಫುಟ್‌ವಾಲ್’. ವಿಜ್ಞಾನಿಗಳು ಇವತ್ತಿಗೂ ಆ ಮಾತುಗಳಲ್ಲೇ ಲೆಕ್ಕ ಹಾಕುತ್ತಾರೆ: ತಲೆಮೇಲಿನದು ಕೆಳಗೆ ಜಾರಿದ್ದರೆ ಆ ನೆಲವನ್ನು ಎರಡೂ ಕಡೆಯಿಂದ ಎಳೆಯಲಾಗಿದೆ, ಮೇಲೆ ಏರಿದ್ದರೆ ಒತ್ತಲಾಗಿದೆ.

ಗಣಿಯಿಂದ ಹೊರಬಂದು ಬಯಲಲ್ಲಿ ನಿಂತರೆ ಈ ಹೆಸರುಗಳು ಸಾಲವು. ಪರ್ಯಾಯ ದ್ವೀಪದ ದೊಡ್ಡ ನದಿಗಳಲ್ಲಿ ಹೆಚ್ಚಿನವು ಪೂರ್ವಕ್ಕೆ ಇಳಿಯುತ್ತವೆ. ಆದರೆ ನರ್ಮದೆ ಅಮರಕಂಟಕದಲ್ಲಿ ಹುಟ್ಟಿ, ವಿಂಧ್ಯ ಸಾತ್ಪುರಗಳ ನಡುವಿನ ಬಿರುಕು ಕಣಿವೆ ಹಿಡಿದು ಪಶ್ಚಿಮದ ಖಂಭಾತ ಕೊಲ್ಲಿಗೆ ಹೋಗುತ್ತಾಳೆ. ಸ್ತರಭಂಗಗಳ ನಡುವೆ ನೆಲ ಕುಸಿಯದಿದ್ದರೆ ಅವಳಿಗೆ ಆ ದಾರಿಯೇ ಇರುತ್ತಿರಲಿಲ್ಲ. ಅಷ್ಟು ದೊಡ್ಡ ಕಣಿವೆ ಒಂದೇ ಏಟಿಗೆ ಆದದ್ದಲ್ಲ. ಒತ್ತಡ ನೂರಾರು ವರ್ಷ ಕೂಡಿ, ಬಂಡೆಗಳ ನಡುವಿನ ತಿಕ್ಕಾಟ ಸೋತಾಗ ನೆಲ ಕೆಲವು ಅಡಿ ಜಾರುತ್ತದೆ, ಮತ್ತೆ ಸುಮ್ಮನಾಗುತ್ತದೆ. ಲಕ್ಷಾಂತರ ವರ್ಷ ಇದೇ ನಡೆದರೆ ಕಣಿವೆ, ಬೆಟ್ಟ.

ಅಂಥ ಒಂದು ಜಾರುವಿಕೆಯನ್ನು ಜನ ಕಣ್ಣಾರೆ ಕಂಡದ್ದು ಕಛ್‌ನಲ್ಲಿ. 1819ರ ಜೂನ್ 16ರಂದು ಭೂಮಿ ನಡುಗಿತು. ಸಿಂದ್ರಿ ಕೋಟೆಯ ಸುತ್ತಲಿನ ನೆಲ ತಗ್ಗಿ ನೀರು ತುಂಬಿತು. ಅದರ ಉತ್ತರಕ್ಕೆ, ಚಪ್ಪಟೆ ಉಪ್ಪುಬಯಲಾದ ರಣ್‌ನಲ್ಲಿ, ಹತ್ತಾರು ಕಿಲೋಮೀಟರ್ ಉದ್ದದ ದಿಬ್ಬವೊಂದು ಕೆಲವು ಮೀಟರ್ ಎತ್ತರಕ್ಕೆ ಎದ್ದು ಸಿಂಧೂವಿನ ಹಳೆಯ ಕವಲಿಗೆ ಅಡ್ಡವಾಯಿತು. ಆಳದಲ್ಲಿ ಮುರಿದ ಬಂಡೆ ಒಂದರ ಮೇಲೊಂದು ಏರಿ ಮೇಲಿನ ಮಣ್ಣನ್ನು ಎತ್ತಿತ್ತು. ಜನ ಅದನ್ನು ಕರೆದದ್ದು ‘ಅಲ್ಲಾಹ್ ಬಂದ್’: ದೇವರು ಕಟ್ಟಿದ ಒಡ್ಡು. ಆ ಸೀಮೆಯಲ್ಲಿ ಮನುಷ್ಯರು ಕಟ್ಟಿದ ಒಡ್ಡುಗಳೂ ಇದ್ದವು. ಇದು ಅವುಗಳ ಪೈಕಿ ಅಲ್ಲ ಎಂದು ಬೇರ್ಪಡಿಸಿ ಹೇಳಬೇಕಿತ್ತು. ನಾವು ಅಂಗಡಿ ಮುಚ್ಚಿಸಲು ಬಳಸುವ ‘ಬಂದ್’ ಕೂಡ ಇದೇ ಪದ. ಕಟ್ಟುವುದು, ತಡೆಯುವುದು ಎರಡೂ ಅದರೊಳಗಿವೆ.

ನೆಲ ಮುರಿದದ್ದನ್ನು ಕಂಡೂ ಅವರು ತಪ್ಪು ಎನ್ನಲಿಲ್ಲ, ಭಂಗ ಎನ್ನಲಿಲ್ಲ, ಎದ್ದುನಿಂತದ್ದಕ್ಕೆ ಹೆಸರಿಟ್ಟರು. ನನ್ನ ಮಟ್ಟಿಗೆ ಮೂರರಲ್ಲಿ ಹೆಚ್ಚು ನಿಖರವಾದ ಪದ ಅದೇ. ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ‘ಪ್ರಿನ್ಸಿಪಲ್ಸ್ ಆಫ್ ಜಿಯಾಲಜಿ’ಯಲ್ಲಿ ಆ ದಿಬ್ಬವನ್ನು ವಿವರಿಸಿದಾಗ ಹೆಸರನ್ನು ಹಾಗೆಯೇ ಉಳಿಸಿಕೊಂಡರು. ಅಷ್ಟರಲ್ಲಿ, 1826ರ ಪ್ರವಾಹದಲ್ಲಿ, ನದಿ ಆ ಒಡ್ಡನ್ನು ಕೊರೆದು ಸಿಂದ್ರಿಯ ಕಡೆಗೆ ಹರಿದಾಗಿತ್ತು.