ದೇವರ ಸ್ವರವನ್ನು ಆಲಿಸುವ ಪ್ರಾರ್ಥನೆ: ಹೊಸೂರು–ಕೃಷ್ಣಗಿರಿ ಸೀಮೆ

ದಿನದ ಪ್ರಾರ್ಥನೆಯಲ್ಲಿ ದೇವರ ಸ್ವರ ಕೇಳುವುದು ಅವರವರ ಅಂತರಂಗದ ಸಂಗತಿ, ಅದಕ್ಕೆಂಥ ಇತಿಹಾಸ ಎನಿಸಬಹುದು. ಹೊಸೂರು–ಕೃಷ್ಣಗಿರಿ ಸೀಮೆಯ ಕ್ರೈಸ್ತ ಚರಿತ್ರೆ ಬೇರೆಯದನ್ನೇ ತೋರಿಸುತ್ತದೆ. ಇಲ್ಲಿಗೆ ಬಂದ ಪರಂಪರೆಗಳು ಆ ಆಲಿಸುವಿಕೆಯನ್ನು ಕಲಿತು ಬರುವ ಅಭ್ಯಾಸವೆಂದೇ ತಿಳಿದವು. ಕೇಳಿದ್ದನ್ನು ಒರೆಗೆ ಹಚ್ಚದೆ ನಂಬಲಿಲ್ಲ. ಅವುಗಳಲ್ಲಿ ಒಂದು ಜೆಸುಯಿಟ್ ಪರಂಪರೆ: 1649ರಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಆರಂಭಿಸಿ ಕನ್ನಡದಲ್ಲಿ ಧರ್ಮೋಪದೇಶ ಬರೆದ ಲಿಯೊನಾರ್ದೊ ಚಿನ್ನಾಮಿ ಜೆಸುಯಿಟ್ ಸಂಘದ ಪಾದ್ರಿ. ಆ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ 1548ರಲ್ಲಿ ಅಚ್ಚಾದ ತನ್ನ ‘ಆಧ್ಯಾತ್ಮಿಕ ಸಾಧನೆ’ಯಲ್ಲಿ ದಿನವೂ ಆತ್ಮಶೋಧನೆ ಮಾಡಿಕೊಳ್ಳಬೇಕೆಂದೂ, ಮನಸ್ಸಿನಲ್ಲಿ ಏಳುವ ಪ್ರೇರಣೆ ದೇವರದೋ ಅಲ್ಲವೋ ಎಂದು ವಿವೇಚಿಸಬೇಕೆಂದೂ ವಿಧಿಸಿದ್ದ. ಇದು ಮುಖ್ಯವಾಗಿ ಪಾದ್ರಿಗಳ ಶಿಕ್ಷಣ. ಊರಿನ ಭಕ್ತರಿಗೆ ದಕ್ಕಿದ್ದು ಬಾಯಿಪಾಠದ ಜಪ, ಪ್ರಾರ್ಥನೆ.

ದೇವರ ಸ್ವರ ಯಾವುದೆಂಬ ಪ್ರಶ್ನೆ ಕೃಷ್ಣಗಿರಿಯಲ್ಲಿ ಮತ್ತೊಂದು ರೂಪದಲ್ಲಿ ಎದ್ದಿತು. ತಿಯೋಡೋರ್ ನೇದರ್ ಮತ್ತು ಫ್ರಾಂಟ್ಸ್ ಮೋನ್ ಮೊದಲು ಲೈಪ್‌ಜಿಗ್ ಮಿಷನ್ನಿನವರು. ಸತ್ಯವೇದದ ಪ್ರತಿಯೊಂದು ಮಾತೂ ತಪ್ಪಿಲ್ಲದ ದೈವವಾಣಿಯೇ ಎಂದು ವಾದಿಸಿ ಆ ಸಂಸ್ಥೆಯಿಂದ ಬೇರೆಯಾಗಿ, ಅಮೆರಿಕದ ಲೂಥರನ್ ಸಭೆಯಾದ ಮಿಸ್ಸೂರಿ ಸಿನೋಡ್ ಪರವಾಗಿ 1895ರಲ್ಲಿ ಇಲ್ಲಿ ಕೆಲಸ ತೊಡಗಿದರು. ದೇವರು ಎಲ್ಲಿ ಮಾತಾಡುತ್ತಾನೆ ಎಂಬ ಜಗಳದಲ್ಲೇ ಹುಟ್ಟಿದ ಮಿಷನ್ ಇದು! ಇಷ್ಟು ಬಿಗಿಯಾಗಿ ಅಕ್ಷರಕ್ಕೆ ಕಟ್ಟುಬಿದ್ದರೆ ಪ್ರಾರ್ಥನೆ ಬರಿಯ ಪಾಠವಾಗದೇ ಎಂಬ ಆಕ್ಷೇಪಕ್ಕೆ ಲೂಥರನಲ್ಲೇ ಉತ್ತರವಿದೆ. 1529ರ ಕಿರು ಪ್ರಶ್ನೋತ್ತರದಲ್ಲಿ ಮನೆಮಂದಿಗೆ ಬೆಳಗಿನ, ರಾತ್ರಿಯ ಪ್ರಾರ್ಥನೆಗಳನ್ನು ಕೊಟ್ಟವನೇ, 1535ರಲ್ಲಿ ತನ್ನ ಕ್ಷೌರಿಕ ಪೀಟರನಿಗಾಗಿ ಬರೆದ ಪುಸ್ತಿಕೆಯಲ್ಲಿ, ಪ್ರಾರ್ಥಿಸುವಾಗ ಒಳ್ಳೆಯ ಆಲೋಚನೆಗಳು ಉಕ್ಕಿ ಬಂದರೆ ಉಳಿದ ಪಾಠ ಬಿಟ್ಟು ಮೌನವಾಗಿ ಕೇಳು, ಆಗ ಉಪದೇಶಿಸುವವನು ಪವಿತ್ರಾತ್ಮನೇ ಎಂದ. ಬಾಯಿಪಾಠ ಆಲಿಸುವಿಕೆಗೆ ಅಡ್ಡಿಯಲ್ಲ, ಅದಕ್ಕೆ ಒದಗುವ ನೆಲೆ ಎಂಬುದು ಇಲ್ಲಿನ ತರ್ಕ. ಓದು ಬಾರದವರಿಗಂತೂ ಅದೇ ಸತ್ಯವೇದ.

ಇಪ್ಪತ್ತನೆಯ ಶತಮಾನದ ಪೆಂಟೆಕೋಸ್ತ್ ಸಭೆಗಳು ಈ ವಾದವನ್ನು ಒಪ್ಪವು: ಆತ್ಮನು ನೇರವಾಗಿ ಮಾತಾಡುವಾಗ ಗ್ರಂಥದ ಮಧ್ಯಸ್ಥಿಕೆ ಏಕೆ ಎನ್ನುತ್ತವೆ. ಅವರ ಮಾತಿನಲ್ಲಿ ಬಲವಿದೆ. ಸಭೆಯಲ್ಲಿ ಸಾಮಾನ್ಯ ಸ್ತ್ರೀಪುರುಷರಿಗೆ ಎದ್ದು ಸಾಕ್ಷಿ ಹೇಳುವ ಧೈರ್ಯ ಬಂದದ್ದು ಬಹುಮಟ್ಟಿಗೆ ಆ ನಂಬಿಕೆಯಿಂದ. ಆದರೂ ಸತ್ಯವೇದದ ಬಾಲಕ ಸಮುವೇಲನು ತನ್ನನ್ನು ಕರೆದದ್ದು ಯಾರೆಂದು ತಿಳಿಯದೆ ಮೂರು ಬಾರಿ ಏಲಿಯ ಬಳಿಗೇ ಓಡಿದ. ನಾಲ್ಕನೆಯ ಬಾರಿ ಏನೆಂದು ಉತ್ತರಿಸಬೇಕೆಂದು ಕಲಿಸಿದವನು ಕಣ್ಣು ಮಂಜಾದ ಆ ಮುದಿ ಯಾಜಕ. ಇನ್ನು ಪ್ರವಾದನೆಯನ್ನು ಪೆಂಟೆಕೋಸ್ತರಷ್ಟೇ ಎತ್ತಿಹಿಡಿದ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೆಯ ಅಧ್ಯಾಯದಲ್ಲಿ, ಪ್ರವಾದಿಗಳು ಇಬ್ಬರು ಮೂವರು ಮಾತಾಡಲಿ, ಉಳಿದವರು ಅದನ್ನು ವಿವೇಚಿಸಲಿ ಎಂದೇ ವಿಧಿಸಿದ್ದಾನೆ.